ಪಬ್ಲಿಶ್ ಒತ್ತಿದರೆ ಹಸಿರು ಟಿಕ್ ಬರುತ್ತೆ, ಸೈಟಿನಲ್ಲಿ ಪೋಸ್ಟೇ ಇಲ್ಲ

ತೊಗರಿ_ಕಲಬುರಗಿ:
ನಾಲ್ಕು ದಿನದಿಂದ ತಲೆ ಕೆಟ್ಟಿದೆ. ಬರೆಯೋದು, ತಿದ್ದೋದು ಎಲ್ಲಾ ಒಂದು ಕಂಟೆಂಟ್ ಪ್ಲಾಟ್‌ಫಾರ್ಮ್‌ನಲ್ಲಿ. ಅಲ್ಲಿಂದ ನಮ್ಮ ವರ್ಡ್‌ಪ್ರೆಸ್ ಸೈಟಿಗೆ ಕಳಿಸುತ್ತೇವೆ. ಹಸಿರು ಟಿಕ್ ಬರುತ್ತೆ, ಸೈಟ್ ತೆಗೆದರೆ ಏನೂ ಇಲ್ಲ. ಬೆಳಿಗ್ಗೆ ತೊಗರಿ ದರ ನೋಡೋರು ಫೋನ್ ಮಾಡಿ ಬೈಯುತ್ತಿದ್ದಾರೆ. ಪ್ಲಗಿನ್ ತೆಗೆದು ಮತ್ತೆ ಹಾಕಿದೆ, ಪಾಸ್‌ವರ್ಡ್ ಬದಲಿಸಿದೆ. ಯಾರಾದರೂ ಹೇಳ್ರಿ.

ಹಳೇ_ಡಿಟಿಪಿ:
ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ರಾ? ಯುನಿಕೋಡ್‌ಗೆ ಬದಲಾಯಿಸಿ ಹಾಕ್ರಿ. ಹತ್ತರಲ್ಲಿ ಒಂಬತ್ತು ಸಲ ಇದೇ ಗೋಳು.

ತೊಗರಿ_ಕಲಬುರಗಿ:
ಇಲ್ಲ ಸರ್, ಮೊಬೈಲಿನಲ್ಲೇ ಟೈಪ್ ಮಾಡೋದು. ಯುನಿಕೋಡೇ.

ಹಳೇ_ಡಿಟಿಪಿ:
ನಿಮಗೆ ಮೂಲ ಫೈಲ್ ಕೊಟ್ಟವರು ನುಡಿಯಲ್ಲಿ ಕೊಟ್ಟಿರಬಹುದು. ಕೇಳಿ ನೋಡ್ರಿ.

ಶಹಾಪುರ_ಹುಡುಗ:
ಅಣ್ಣಾ, ಹಳೇ ನುಡಿ ಫಾಂಟ್ ಆಗಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಬೇಕಿತ್ತು. ಪೋಸ್ಟೇ ಮಾಯ ಆಗಲ್ಲ. ತೊಗರಿ ಸರ್, ಅಪ್ಲಿಕೇಶನ್ ಪಾಸ್‌ವರ್ಡ್ (ಹೊರಗಿನ ಆ್ಯಪ್‌ಗಳಿಗೆ ಅಂತಲೇ ಕೊಡೋ ಬೇರೆ ಪಾಸ್‌ವರ್ಡ್) ಹಾಕಿದ್ದೀರಾ, ಇಲ್ಲಾ ಲಾಗಿನ್ ಪಾಸ್‌ವರ್ಡಾ? ವರ್ಡ್‌ಪ್ರೆಸ್ 5.6ರಿಂದ ಆ ಸೌಲಭ್ಯ ಒಳಗೇ ಇದೆ. ಕೆಲವು ಹೋಸ್ಟಿಂಗ್‌ನಲ್ಲಿ ಆ ಪಾಸ್‌ವರ್ಡ್ ಹೊತ್ತು ತರೋ ಆಥರೈಸೇಶನ್ ಹೆಡರ್ ದಾರಿಯಲ್ಲೇ ಉದುರಿ ಹೋಗಿ 401 ಎರರ್, ಅಂದ್ರೆ ಗುರುತು ಸಿಗಲಿಲ್ಲ ಅನ್ನೋ ಉತ್ತರ ಬರುತ್ತೆ.

ತೊಗರಿ_ಕಲಬುರಗಿ:
ಎರರ್ ಎಲ್ಲಿದೆ ತಮ್ಮಾ? ಹಸಿರು ಟಿಕ್ ಅಂದೆನಲ್ಲ.

ಕೋಟೆ_ಬಾಗಿಲು:
ನಿಮ್ಮ ಸೈಟ್ ನೋಡಿದೆ. ಲಿಂಕುಗಳ ಕೊನೆಗೆ 2, 3, 4 ಅಂತ ಯಾಕಿದೆ? ದಿನಾ ಒಂದೇ ತಲೆಬರಹ ಕೊಟ್ಟು ತಾರೀಖು ಕೊನೆಗೆ ಹಾಕ್ತೀರಿ, ಅಲ್ವಾ? ಲಿಂಕಿನ ಹೆಸರಿಗೆ ಇರೋದು 200 ಜಾಗ. ಕನ್ನಡದ ಒಂದೊಂದು ಚಿಹ್ನೆ 9 ಜಾಗ ತಿನ್ನುತ್ತೆ, ಕೊಂಬು ದೀರ್ಘವೂ ಲೆಕ್ಕಕ್ಕೆ. 22 ಚಿಹ್ನೆಗಳ ಹತ್ತಿರ ಕತ್ತರಿ ಬೀಳುತ್ತೆ, ತಾರೀಖು ಹೋಯ್ತು. ಉಳಿಯೋ ಹೆಸರು ದಿನಾ ಒಂದೇ, ಅದಕ್ಕೇ ಕೊನೆಗೆ 2, 3 ಸೇರುತ್ತೆ. ಲಿಂಕ್ ಇಂಗ್ಲಿಷಿನಲ್ಲಿ ಕೊಡ್ರಿ.

ಹಳೇ_ಡಿಟಿಪಿ:
ಕನ್ನಡದ ಸೈಟಿಗೆ ಇಂಗ್ಲಿಷ್ ಲಿಂಕ್ ಯಾಕ್ರೀ? ತಾರೀಖು ಮುಂದೆ ತಂದರೆ ಮುಗೀತು.

ಕೋಟೆ_ಬಾಗಿಲು:
ಆ ಲಿಂಕ್ ವಾಟ್ಸಾಪಿಗೆ ಅಂಟಿಸಿ ನೋಡಿ, ಬರೀ ಪರ್ಸೆಂಟ್ ಚಿಹ್ನೆಗಳ ಸಾಲು. ನಾನಂತೂ ಹೋಸ್ಟಿಂಗ್ ತಂಟೆಗೇ ಹೋಗಿಲ್ಲ. ಮನೆಯಲ್ಲೇ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಿ ಸೈಟ್ ಇಟ್ಟು, ಇನ್ವರ್ಟರ್‌ಗೆ ಕಟ್ಟಿದ್ದೇನೆ. ಬೀದರ್ ತಂಪಿಗೆ ಫ್ಯಾನೂ ಬೇಡ.

ಹಳೇ_ಡಿಟಿಪಿ:
ಮೇ ತಿಂಗಳಲ್ಲಿ ಕಲಬುರಗಿಗೆ ತಂದಿಡ್ರಿ, ಅದರ ಮೇಲೆ ರೊಟ್ಟಿ ಬೇಯಿಸಬಹುದು.

ಶಹಾಪುರ_ಹುಡುಗ:
ಒಂದ್ನಿಮಿಷ. ಪೋಸ್ಟೇ ಇಲ್ಲ ಅಂದ್ರಿ, ಕೋಟೆ ಅಣ್ಣ ಲಿಂಕ್ ಎಣಿಸಿದ್ದಾರಲ್ಲ?

ತೊಗರಿ_ಕಲಬುರಗಿ:
ಮಧ್ಯಾಹ್ನದ ಹೊತ್ತಿಗೆ ತಾನಾಗೇ ಬರುತ್ತೆ. ನಮಗೆ ಬೇಕಿರೋದು ಬೆಳಿಗ್ಗೆ 6ಕ್ಕೆ. ರಾತ್ರಿಯೇ ಶೆಡ್ಯೂಲ್ ಮಾಡಿ ಮಲಗುತ್ತೇನೆ.

ಶಹಾಪುರ_ಹುಡುಗ:
ಶೆಡ್ಯೂಲ್!! ಇದನ್ನ ಮೊದಲೇ ಹೇಳಬಾರದಾ ಸರ್? ಸರಿಯಾಗಿ ಎಷ್ಟಕ್ಕೆ ಬರುತ್ತೆ?

ತೊಗರಿ_ಕಲಬುರಗಿ:
11:30ರ ಆಸುಪಾಸು.

ಶಹಾಪುರ_ಹುಡುಗ:
ಸಿಕ್ತು. ಐದೂವರೆ ಗಂಟೆ ತಡ. ಸೈಟಿನ ಗಡಿಯಾರ ಯುಟಿಸಿಯಲ್ಲಿದೆ, ಅಂದ್ರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇಲ್ಲಿಗಿಂತ ಅಷ್ಟೇ ಹಿಂದೆ. ಪ್ಲಾಟ್‌ಫಾರ್ಮ್ ಸುಮ್ನೆ '6 ಗಂಟೆ' ಅಂತ ಕಳಿಸುತ್ತೆ, ಯಾವ ಊರಿನ 6 ಅಂತ ಹೇಳಲ್ಲ. ವರ್ಡ್‌ಪ್ರೆಸ್ ತನ್ನ ಗಡಿಯಾರದಲ್ಲಿ 6 ಆಗೋವರೆಗೂ ಕಾಯುತ್ತೆ. ಸೆಟ್ಟಿಂಗ್ಸ್, ಜನರಲ್, ಟೈಮ್‌ಝೋನ್‌ಗೆ ಹೋಗಿ ಕೋಲ್ಕತಾ ಆರಿಸಿ, ಭಾರತದ ಸಮಯ ಆ ಹೆಸರಲ್ಲಿದೆ.

ತೊಗರಿ_ಕಲಬುರಗಿ:
ಮಾಡಿದೆ. ಇವತ್ತು 6:22ಕ್ಕೆ ಬಂತು! ಆದರೆ 6ಕ್ಕೆ ಯಾಕಿಲ್ಲ?

ಹಳೇ_ಡಿಟಿಪಿ:
ನುಡಿ ಫೈಲ್ ಒಮ್ಮೆ ನೋಡಿಬಿಡ್ರಿ ಅಂತೀನಿ.

ಶಹಾಪುರ_ಹುಡುಗ:
ವರ್ಡ್‌ಪ್ರೆಸ್‌ಗೆ ಅಲಾರಂ ಇಲ್ಲ ಸರ್. ಯಾರಾದರೂ ಸೈಟಿಗೆ ಬಂದಾಗಲೇ ಬಾಕಿ ಕೆಲಸ ಇದೆಯಾ ಅಂತ ನೋಡುತ್ತೆ. ನಿಮ್ಮ ಮೊದಲ ಗಿರಾಕಿ 6:22ಕ್ಕೆ ಬಂದಿರಬೇಕು. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕ್ರಾನ್ ಜಾಬ್ (ಹೇಳಿದ ಹೊತ್ತಿಗೆ ಸರ್ವರ್ ತಾನೇ ಮಾಡೋ ಕೆಲಸ) ಹಾಕಿ, 5 ನಿಮಿಷಕ್ಕೊಮ್ಮೆ ಬಾಕಿ ಕೆಲಸ ನೋಡೋ ಡಬ್ಲ್ಯುಪಿ-ಕ್ರಾನ್ ಫೈಲ್ ಎಬ್ಬಿಸಲಿ.

ತೊಗರಿ_ಕಲಬುರಗಿ:
ಕ್ರಾನ್ ಅನ್ನೋದು ನನ್ನ ಪ್ಯಾನೆಲ್‌ನಲ್ಲಿ ಕಾಣ್ತಿಲ್ಲ.

ಕೋಟೆ_ಬಾಗಿಲು:
ಅದಕ್ಕೇ ಪೈ ತಗೊಳ್ರಿ ಅಂದಿದ್ದು.

ಶಹಾಪುರ_ಹುಡುಗ:
ಸ್ಕ್ರೀನ್‌ಶಾಟ್ ಹಾಕಿ ಸರ್. ಪೂರ್ತಿ ಪುಟದ್ದು.