ಓಹಾಯೋದಲ್ಲಿ ವಿದ್ಯುತ್ ಉಳಿತಾಯದ ಯೋಜನೆಗಳು ಏಕೆ ಮರಳಲಿಲ್ಲ?

ಪ್ರಶ್ನೆ:
ನಾವು ಕೊಲಂಬಸ್ ಸಮೀಪ ನೆಲೆಸಿದ್ದೇವೆ. ಕೆಲವು ವರ್ಷಗಳ ಹಿಂದೆ ನಮ್ಮ ನೆಲಮಾಳಿಗೆಯಲ್ಲಿದ್ದ ಹಳೆಯ ಫ್ರಿಜ್ಜನ್ನು ವಿದ್ಯುತ್ ಕಂಪನಿಯ ಕಡೆಯವರೇ ಬಂದು ಒಯ್ದು, ಆಮೇಲೆ ಅಂಚೆಯಲ್ಲಿ ಚೆಕ್ ಕಳುಹಿಸಿದ್ದರು. ಈಗ ಇನ್ನೊಂದನ್ನು ಕೊಡಲು ವಿಚಾರಿಸಿದರೆ ಅಂಥ ಯೋಜನೆಯೇ ಇಲ್ಲವೆನ್ನುತ್ತಾರೆ. ಇಂಥ ಯೋಜನೆಗಳು ನಿಲ್ಲಲು ಕಾರಣವಾದ, ಹಗರಣಕ್ಕೆ ಗುರಿಯಾದ 2019ರ ಹೌಸ್ ಬಿಲ್ 6 ಎಂಬ ರಾಜ್ಯದ ಕಾಯ್ದೆ ರದ್ದಾಯಿತೆಂದು ಕೇಳಿದ್ದೆ. ಹಾಗಿದ್ದರೆ ಯೋಜನೆ ಏಕೆ ಮರಳಲಿಲ್ಲ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಆ ಕಾಯ್ದೆ ಇಡಿಯಾಗಿ ರದ್ದಾಗಿಲ್ಲ. 2008ರ ಸೆನೆಟ್ ಬಿಲ್ 221, ಕಂಪನಿಗಳು ಗ್ರಾಹಕರ ಬಳಕೆಯನ್ನು ವರ್ಷದಿಂದ ವರ್ಷಕ್ಕೆ ತಗ್ಗಿಸುತ್ತ ಒಟ್ಟು ಶೇ. 22ರಷ್ಟು ಉಳಿತಾಯ ಸಾಧಿಸಬೇಕೆಂದು ವಿಧಿಸಿತ್ತು. ನಿಮಗೆ ಬಂದ ಚೆಕ್ಕಿನ ಹಿಂದಿದ್ದುದು ಈ ಕಡ್ಡಾಯವೇ. ಹೌಸ್ ಬಿಲ್ 6 ಆ ಗುರಿಯನ್ನು ಶೇ. 17.5ಕ್ಕೆ ನಿಲ್ಲಿಸಿ, 2020ರ ಕೊನೆಗೆ ಮುಕ್ತಾಯಗೊಳಿಸಿತು. ಡೇವಿಸ್-ಬೆಸ್ಸಿ ಮತ್ತು ಪೆರಿ ಅಣು ಸ್ಥಾವರಗಳಿಗೆ ವರ್ಷಕ್ಕೆ 15 ಕೋಟಿ ಡಾಲರ್ ಸಹಾಯಧನವನ್ನೂ, ಎರಡು ಹಳೆಯ ಕಲ್ಲಿದ್ದಲು ಸ್ಥಾವರಗಳಿಗೆ ಗ್ರಾಹಕರ ಹಣವನ್ನೂ ಅದೇ ಕಾಯ್ದೆ ಕೊಟ್ಟಿತು. ಈ ಮಸೂದೆಗಾಗಿ ಸುಮಾರು 6 ಕೋಟಿ ಡಾಲರ್ ಲಂಚದ ಸಂಚು ನಡೆಸಿದ್ದಕ್ಕಾಗಿ ರಾಜ್ಯದ ಕೆಳಮನೆಯ ಸ್ಪೀಕರ್ ಆಗಿದ್ದ ಲ್ಯಾರಿ ಹೌಸ್‌ಹೋಲ್ಡರ್ ಅವರಿಗೆ 2023ರಲ್ಲಿ 20 ವರ್ಷಗಳ ಶಿಕ್ಷೆಯಾಯಿತು. 2021ರ ಹೌಸ್ ಬಿಲ್ 128 ಅಣು ಸಹಾಯಧನವನ್ನು ತೆಗೆದುಹಾಕಿತೇ ಹೊರತು ಉಳಿತಾಯದ ಗುರಿಯನ್ನು ಮುಟ್ಟಲಿಲ್ಲ. ಲಂಚದ ಸುದ್ದಿಯ ಅಬ್ಬರದಲ್ಲಿ ಈ ನಷ್ಟ ಹೆಚ್ಚಿನವರ ಗಮನಕ್ಕೆ ಬರಲೇ ಇಲ್ಲ ಎಂಬುದು ನನ್ನ ನೋವು.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ, ಆದರೆ ಯೋಜನೆಯ ಖರ್ಚನ್ನು ಎಲ್ಲ ಗ್ರಾಹಕರ ಬಿಲ್ಲಿನಿಂದಲೇ ವಸೂಲು ಮಾಡಲಾಗುತ್ತಿತ್ತು ಎಂಬುದನ್ನೂ ನೆನಪಿಡಬೇಕು. ಫ್ರಿಜ್ ಬದಲಿಸದ ಬಾಡಿಗೆದಾರರೂ ಅದನ್ನು ತೆರುತ್ತಿದ್ದರು. ಆದ್ದರಿಂದ ಕಡ್ಡಾಯದ ವಿರೋಧಿಗಳೆಲ್ಲರೂ ಲಂಚಕೋರರ ಪಕ್ಷದವರೆಂದು ಹೇಳಲಾಗದು.

ಉತ್ತರ 3:
ಬಾಡಿಗೆದಾರರ ಕುರಿತ ಮಾತು ನ್ಯಾಯವಾದದ್ದೇ. ಆದರೂ ಒಟ್ಟು ಬೇಡಿಕೆ ತಗ್ಗಿದರೆ ಅದರ ಲಾಭ ಅವರಿಗೂ ದಕ್ಕುತ್ತದೆ. ಓಹಾಯೋ ಸೇರಿ ಹಲವು ರಾಜ್ಯಗಳ ವಿದ್ಯುತ್ ಜಾಲವಾದ ಪಿಜೆಎಂನಲ್ಲಿ, ಉತ್ಪಾದನಾ ಸಾಮರ್ಥ್ಯವನ್ನು ಕಾಯ್ದಿರಿಸುವ, ಬೇಡಿಕೆ ಹೆಚ್ಚಿದಂತೆ ಏರುವ ಹರಾಜಿನ ದರ 2024ರಲ್ಲಿ ಒಂದು ಮೆಗಾವ್ಯಾಟಿಗೆ ದಿನಕ್ಕೆ 28.92 ಡಾಲರಿನಿಂದ 269.92 ಡಾಲರಿಗೆ ಏರಿತು. ಅದರ ಹೊರೆ ಕೊನೆಗೆ ಬಂದು ಬೀಳುವುದು ಮನೆ ಬಿಲ್ಲಿನ ಮೇಲೆಯೇ. ಇಂಥ ಸಮಯದಲ್ಲಿ ಉಳಿತಾಯದ ಹೊಣೆಯಿಂದ ಕಂಪನಿಗಳನ್ನು ಮುಕ್ತವಾಗಿಟ್ಟಿರುವುದು ತಪ್ಪೆಂದೇ ನನ್ನ ದೃಢವಾದ ಅಭಿಪ್ರಾಯ. 2025ರ ಹೌಸ್ ಬಿಲ್ 15 ಕಲ್ಲಿದ್ದಲು ಸ್ಥಾವರಗಳ ವಸೂಲಿಯನ್ನು ಕೊನೆಗೊಳಿಸಿ, ಕಂಪನಿಗಳು ಮೂರು ವರ್ಷಕ್ಕೊಮ್ಮೆ ದರ ಪರಿಷ್ಕರಣೆಗೆ ರಾಜ್ಯದ ವಿದ್ಯುತ್ ದರ ನಿಯಂತ್ರಣ ಆಯೋಗದ ಮುಂದೆ ಬರಬೇಕೆಂದು ವಿಧಿಸಿದೆ, ಆದರೆ ಶೇ. 22ರ ಗುರಿಯನ್ನು ಮರಳಿ ತಂದಿಲ್ಲ. ಅದಕ್ಕೆ ಶಾಸನಸಭೆಯಲ್ಲಿ ಬೇರೆ ಮಸೂದೆಯೇ ಆಗಬೇಕು. ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗಳಲ್ಲಿ ಮಾತಾಡುವ ಹಕ್ಕು ಗ್ರಾಹಕರಿಗಿದೆ; ಫ್ರಿಜ್ಜಿನ ಪ್ರಶ್ನೆಯನ್ನು ತಾವು ಅಲ್ಲಿಯೂ ಕೇಳಬಹುದು.