ಸಹಾಯ ಬೇಕು: ಈ ಹೊಲದ ಚಿತ್ರದಲ್ಲಿರೋದು ದುಃಖನಾ, ನೆಮ್ಮದಿನಾ?

ಎಲ್ಲರಿಗೂ ನಮಸ್ಕಾರ, ಗದಗಿನಿಂದ ಬರೆಯುತ್ತಿದ್ದೇನೆ. ಮಗಳು ಡ್ರಾಯಿಂಗ್ ಕ್ಲಾಸಿಗೆ ಒಂದು ಚಿತ್ರದ ಬಗ್ಗೆ ಬರೆಯಬೇಕು. ನಮ್ಮ ಮನೆಯಲ್ಲೇ ಇರುವ ಹಳೇ ಜಲವರ್ಣ ಚಿತ್ರ ಆರಿಸಿಕೊಂಡಿದ್ದಾಳೆ. ಸಹಿ ಮಾಸಿಹೋಗಿದೆ.

ಜೋಳ ಕೊಯ್ದು ಬರಿದಾದ ಎರಿ ಹೊಲ. ಬಲಕ್ಕೆ ದೊಡ್ಡ ಬಣವಿ. ನಡುವೆ ತಲೆ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು, ಬೆನ್ನು ಮಾತ್ರ ಕಾಣುತ್ತದೆ. ಮುಕ್ಕಾಲು ಹಾಳೆ ಬರೀ ಬೂದು ಆಕಾಶ. ದೂರದಲ್ಲಿ ನೀಲಿ ಗುಡ್ಡ, ಕಪ್ಪತಗುಡ್ಡವೇ ಅಂತ ನಮ್ಮ ಊಹೆ. ಗದಗಿನ ಕಡೆಯಿಂದ ಅದು ದಕ್ಷಿಣಕ್ಕೆ. ನೆರಳೆಲ್ಲ ಎಡಕ್ಕೆ, ಅಂದರೆ ಪೂರ್ವಕ್ಕೆ ಉದ್ದ ಚಾಚಿದೆ, ಹಾಗಾದರೆ ಸಂಜೆ ಹೊತ್ತು ಅಲ್ವಾ?

ಮಗಳು ‘ಒಂಟಿತನ, ದುಃಖ’ ಅಂತ ಬರೆದಿದ್ದಾಳೆ. ನೀಲಿ ಅಂದರೆ ದುಃಖವಂತೆ! ನನಗೆ ಒಪ್ಪಿಗೆ ಇಲ್ಲ. ನಡುವಿನ ಗಾಳಿಯಲ್ಲಿ ಬೆಳಕು ಚದುರಿ ದೂರದ ಗುಡ್ಡ ನೀಲಿಯಾಗಿಯೇ ಕಾಣುತ್ತದೆ. ಇನ್ನು ನಮ್ಮ ಅತ್ತೆ ಸುಮ್ನೆ ಒಂದು ಮಾತು ಹೇಳಿದರು: ‘ಇಷ್ಟು ದೊಡ್ಡ ಬಣವಿ ಐತಿ, ದನಕ್ಕ ವರ್ಷದ ಮೇವಾತು. ಆಕಿಗೆ ಎಲ್ಲಿ ದುಃಖ?’

ಆದರೂ ಆ ಆಕಾಶ ಯಾಕೋ ಭಾರ ಅನಿಸುತ್ತದೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821-22ರಲ್ಲಿ ಮೋಡಗಳನ್ನಷ್ಟೇ ನೋಡಿ ಎಷ್ಟೋ ಚಿತ್ರ ಬರೆದಿದ್ದ. ನಿಸರ್ಗಚಿತ್ರದ ಭಾವವೆಲ್ಲ ಮುಖ್ಯವಾಗಿ ಆಕಾಶದಲ್ಲೇ ಇರುತ್ತದೆ ಅನ್ನೋದು ಅವನ ನಂಬಿಕೆ.

ಬಣವಿ ಒಂದು ಹೇಳಿ ಆಕಾಶ ಇನ್ನೊಂದು ಹೇಳಿದರೆ ಯಾವುದನ್ನು ಹಿಡಿಯಬೇಕು? ಎರಡನ್ನೂ ಬರೆದರೆ ಮಾರ್ಕ್ಸ್ ಕಡಿತ ಆಗುತ್ತಾ? ಧಾರವಾಡ, ಹುಬ್ಬಳ್ಳಿ ಕಡೆ ಚಿತ್ರಕಲೆ ಕಲಿಸುವವರು ಇದ್ದರೆ ದಯವಿಟ್ಟು ಹೇಳಿ. ಸೋಮವಾರ ಕೊಡಬೇಕು. ಫೋಟೋ ಕಾಮೆಂಟಿನಲ್ಲಿ ಹಾಕಿದ್ದೇನೆ.