ಮನೆಯೊಳಗಿನ ತೊಗರಿಗೆ ನುಸಿ ಗುಳಿಗೆ ನಾವೇ ಇಡಬಹುದಾ?

ಸೇಡಂ ರೈತ:
ರೇಟು ಬರಲಿ ಅಂತ 18 ಚೀಲ ತೊಗರಿ ಪಡಸಾಲೆಯಲ್ಲಿ ಒಟ್ಟಿದ್ದೇನೆ. ಹುಳ ಬಿದ್ದಿದೆ, ಕೈಯಲ್ಲಿ ಹಿಡಿದರೆ ಕಾಳಿಗೆ ಕಾಳು ತೂತು. ಅಂಗಡಿಯವರು ಗುಳಿಗೆ ಡಬ್ಬಿ ಕೊಟ್ಟು, "ಬಟ್ಟೆಯಲ್ಲಿ ಕಟ್ಟಿ ಇಡ್ರಿ, ಬಾಗಿಲು ಹಾಕ್ರಿ" ಅಂದರು. ಪಕ್ಕದ ಕೋಣೆಯಲ್ಲಿ ಅವ್ವ, ಇಬ್ಬರು ಮಕ್ಕಳು ಮಲಗುತ್ತಾರೆ. ನಡುವಿನ ಗೋಡೆ ಕಲ್ಲಿಂದು, ಜಂತಿ ಹತ್ತಿರ ಸಂದಿ ಇದೆ. ಡಬ್ಬಿ ಮೇಲೆ ಕೆಂಪು ತ್ರಿಕೋನ, ಅಂದರೆ ಕಡು ವಿಷದ ಗುರುತು. ತಿಳಿದವರು ಮುಂದೆ ನಿಂತು ಮಾಡಿಸಬೇಕಾ?

ಗೋದಾಮಿನ ಹಳೆ ಕೆಲಸಗಾರ, ಕಲಬುರಗಿ:
ತಮ್ಮಾ, ಮೊದಲ ಆ ಡಬ್ಬಿ ಮುಚ್ಚಳಕ್ಕ ಕೈ ಹಚ್ಚಬ್ಯಾಡ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳ್ಯಾಗಿನ ತೇವ ತಾಗಿದರ ಸಾಕು, ಫಾಸ್ಫೀನ್ ಗ್ಯಾಸ್ ಬಿಡ್ತದ. ಜಂತಿ ಸಂದ್ಯಾಗಿಂದ ಸೀದಾ ಮಕ್ಕಳ ಹಾಸಿಗಿಗೆ ಹೋಗ್ತದ. ಇದಕ್ಕ ಪ್ರತಿವಿಷ ಇಲ್ಲ.

ನೀ ಕೇಳಿದ್ದು ಖರೇ. ಸರ್ಕಾರಿ ಸಂಸ್ಥೆದವರು ಇಲ್ಲಾ ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರು ಮಾತ್ರ ಇದನ್ನ ಬಳಸಬೇಕು, ಅದೂ ಒಪ್ಪಿಗಿ ಪಡೆದ ತಜ್ಞರ ಮೇಲ್ವಿಚಾರಣಿಯೊಳಗ. ರೈತರ ಕೈಗೆ ಹಿಂಗ ಡಬ್ಬಿ ಕೊಡೋದ ತಪ್ಪು.

ಗೋದಾಮಿನಾಗ ನಾವು ಚೀಲದ ಒಟ್ಟಿಗೆ ದಪ್ಪ ಪ್ಲಾಸ್ಟಿಕ್ ಹಾಳಿ ಹೊದಿಸಿ, ಅಂಚಿನ ಸುತ್ತ ಉಸುಕಿನ ಚೀಲ ಹೇರತಿದ್ವಿ. ಗುಳಿಗಿ ಎಣಿಸಿ ಇಡೋನು ಒಬ್ಬ, ಬಾಗಲದಾಗ ನಿಂತು ಅವನ್ನ ನೋಡಾಂವ ಇನ್ನೊಬ್ಬ. ಒಮ್ಮೆ ಒಬ್ಬ ಹುಡುಗ ಮಾಸ್ಕ್ ಹಾಕ್ಕೊಳ್ಳದ ಹಾಳಿ ಅಂಚು ಎತ್ತಿದ. ಬಳ್ಳೊಳ್ಳಿ ಕೊಳೆತಂಗ ವಾಸನಿ. ಎರಡ ಹೆಜ್ಜಿ ಹಿಂದ ಸರಿದು ಕೂತುಬಿಟ್ಟ, ವಾಂತಿ ಸುರು ಆತು. ಬಾಗಲದಾಗ ನಿಂತಿದ್ದ ಮೇಲ್ವಿಚಾರಕ ರಟ್ಟಿ ಹಿಡಿದು ಹೊರಗ ಎಳದ. ಹುಡುಗ ಉಳದ. ಅವತ್ತು ಬಾಗಲದಾಗ ಯಾರೂ ಇರದಿದ್ದರ? ಇವತ್ತಿಗೂ ನೆನೆಸಿದರ ಎದಿ ಝಲ್ ಅಂತದ.

ಸೇಡಂ ರೈತ:
ಸೀಲ್ ಒಡೆದಿಲ್ಲ ಕಾಕಾ. ಚೀಲ ದನದ ಕೊಟ್ಟಿಗೆಗೆ ಸಾಗಿಸಿ ಅಲ್ಲಿ ಇಟ್ಟರೆ?

ಗೋದಾಮಿನ ಹಳೆ ಕೆಲಸಗಾರ:
ದನಾನೂ ಉಸಿರಾಡ್ತಾವಲ್ಲೋ. ಬ್ಯಾಡ. ಡಬ್ಬಿ ಹಂಗ ವಾಪಸ್ ಕೊಡು. ಬೇಕಂದ್ರ ರೈತ ಸಂಪರ್ಕ ಕೇಂದ್ರದಾಗ ಕೇಳು. ಮತ್ತ ಯಾರರ ಇದರ ಮ್ಯಾಲ ನೀರು ಸುರವಂದ್ರ ಕೇಳಬ್ಯಾಡ, ಗ್ಯಾಸ್ ಒಮ್ಮೆಲೆ ಎದ್ದು ಬೆಂಕಿನೂ ಹತ್ತಬಹುದು.

ವಿಜಯಪುರದ ಅಕ್ಕ:
ಒಣಗಿಸಿ, ಸಾಣಿಸಿ, ಗಾಳಿಯಾಡದ ಮೂರು ಪದರದ ಚೀಲಕ್ಕೆ ತುಂಬಿ ತಮ್ಮಾ. ಒಳಗಿನ ಎರಡೂ ಪದರದ ಬಾಯಿ ಬೇರೆ ಬೇರೆ ತಿರುಚಿ ಬಿಗಿಯಾಗಿ ಕಟ್ಟಬೇಕು. ಆಮ್ಲಜನಕ ತೀರಿದ ಮೇಲೆ ಹುಳ ತಾನೇ ಸಾಯುತ್ತದೆ. ನಮ್ಮ ಕಡಲೆ ಹೀಗೇ ಇಟ್ಟಿದ್ದೇವೆ. ಆಗಾಗ ಬಿಚ್ಚಿ ನೋಡಬೇಡಿ, ಮತ್ತೆ ಗಾಳಿ ಹೋಗುತ್ತದೆ.

ಸೇಡಂ ರೈತ:
ಡಬ್ಬಿ ವಾಪಸ್ ಕೊಟ್ಟು ಬಂದೆ. ನಾಳೆ ಬಿಸಿಲಿಗೆ ಹರವುತ್ತೇವೆ, ಅವ್ವ ಆಗಲೇ ತಾಡಪತ್ರಿ ಝಾಡಿಸುತ್ತಿದ್ದಾಳೆ.